ಸಮಾಧಿ ಹತ್ತಿರದ ಎಡೆ, ಗೋರಿ ಮೇಲಿನ ಸೊಪ್ಪು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮಹಾಲಯ ಅಮಾವಾಸ್ಯೆಯ ಎಡೆ ಅಡುಗೆ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಕಜ್ಜಾಯದ ಪಾಕ ಕೇಳಿ ಪತ್ರ ಬರುತ್ತವೆ ಅಂದುಕೊಂಡರೆ, ಬಂದ ಪ್ರಶ್ನೆಗಳೆಲ್ಲ ಸ್ಮಶಾನದ ಕಡೆಗೇ ತಿರುಗಿದ್ದವು. ಅಲ್ಲಿ ಊಟ ಮಾಡಬಹುದಾ, ಅಲ್ಲಿ ಬೆಳೆದದ್ದು ತಿನ್ನಬಹುದಾ, ಬೇರೆ ದೇಶದವರು ಏನು ಮಾಡುತ್ತಾರೆ ಅಂತ. ಒಂದಷ್ಟು ಆರಿಸಿಕೊಂಡು ಉತ್ತರ ಕೊಟ್ಟಿದ್ದೇನೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ, ಮನೆ ವಿಷಯ ಅಲ್ವಾ.

ನಮ್ಮದು ಹೂಳುವ ಪದ್ಧತಿ. ತೋಟದ ಮೂಲೆಯಲ್ಲಿ ಮಾವ, ಅತ್ತೆಯ ಸಮಾಧಿ ಇದೆ. ಮಾಲಯ ಅಮಾವಾಸ್ಯೆ ದಿನ ಅಲ್ಲಿ ಎಡೆ ಇಟ್ಟು, ಧೂಪ ಹಾಕಿ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುತ್ತೇವೆ. ಬೆಂಗಳೂರಲ್ಲಿ ಬೆಳೆದ ಸೊಸೆಗೆ ಇದು ಸರಿ ಬರೋದಿಲ್ಲ. ಮಕ್ಕಳಿಗೆ ಅಲ್ಲಿ ಊಟ ಕೊಡಬೇಡಿ ಅಂತಾಳೆ. ನೀವೇ ಹೇಳಿ ಮೇಡಂ, ತಪ್ಪಾ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ತಪ್ಪೇನಿಲ್ಲಮ್ಮ. ಹಾಗಂತ ನಿಮ್ಮ ಸೊಸೆ ಹೇಳೋದನ್ನೂ ಪೂರ್ತಿ ತಳ್ಳಿಹಾಕಬೇಡಿ.

ಹಳೇ ಮೈಸೂರಿನ ಕಡೆ ಹೂಳುವ ಪದ್ಧತಿ ಇರುವ ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ. ಸತ್ತ ಮೂರನೇ ದಿನ ಹಾಲು ತುಪ್ಪ ಬಿಡುವುದರಿಂದ ಶುರುವಾಗಿ, ಆಮೇಲೆ ವರ್ಷ ವರ್ಷ ಪಿತೃಪಕ್ಷದಲ್ಲಿ ಎಡೆ. ಎಡೆಯಲ್ಲಿ ಏನಿರಬೇಕು ಅನ್ನೋದನ್ನು ಯಾವ ಪುರೋಹಿತರೂ ಹೇಳಿಕೊಡುವುದಿಲ್ಲ. ಹೋದವರ ನಾಲಗೆಯೇ ಅದನ್ನು ಹೇಳುತ್ತದೆ. ಮುದ್ದೆ, ಮಟನ್ ಸಾರು, ಇಡ್ಲಿ, ವಡೆ, ಕಜ್ಜಾಯ, ಬಾಳೆಹಣ್ಣು, ಎಲೆ ಅಡಿಕೆ. ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿ. ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರ್, ಅದೂ ಅವರು ಕುಡಿಯುತ್ತಿದ್ದ ಬ್ರಾಂಡೇ ಆಗಬೇಕು. ಬದುಕಿದ್ದಾಗ ಇದೇ ಕ್ವಾರ್ಟರ್‌ಗೆ ಮನೆಯಲ್ಲಿ ರಂಪ ಆಗಿರುತ್ತದೆ, ಈಗ ಬೈದವರೇ ಮುಂದೆ ನಿಂತು ಮುಚ್ಚಳ ತೆಗೆದು ಇಡುತ್ತಾರೆ! ನನಗಂತೂ ಇದರಲ್ಲಿ ಹೆದರುವಂಥದ್ದು ಏನೂ ಕಾಣುವುದಿಲ್ಲ. ಅತ್ತೆಗೆ ಉಪ್ಪು ಕಮ್ಮಿ ಇರಬೇಕಿತ್ತು, ಮಾವನಿಗೆ ಸಾರಿನ ಮೇಲೆ ಎಣ್ಣೆ ತೇಲಬೇಕಿತ್ತು ಅಂತ ಅಡುಗೆ ಮಾಡುವಾಗ ಬರುವ ಮಾತುಗಳಿವೆಯಲ್ಲ, ಮೊಮ್ಮಕ್ಕಳಿಗೆ ತಾತ ಅಜ್ಜಿಯ ಪರಿಚಯ ಆಗೋದು ಆ ಮಾತುಗಳಿಂದ. ಫೋಟೋದಿಂದ ಅಲ್ಲ.

ಇನ್ನು ಸೊಸೆಯ ಮಾತು. ಸಮಾಧಿ ಮೇಲೆ ಬಿಸಿಲಲ್ಲಿ ಒಂದೆರಡು ಗಂಟೆ ತೆರೆದಿಟ್ಟ ಮಾಂಸದ ಸಾರು, ಮೇಲೆ ನೊಣ, ಕಾಗೆ ಕೊಕ್ಕು ಹಾಕಿರುತ್ತದೆ, ಪಕ್ಕದಲ್ಲಿ ನಾಯಿ ಕಾಯುತ್ತಿರುತ್ತದೆ. ಅದನ್ನು ಮಕ್ಕಳಿಗೆ ಕೊಡಬಾರದು ಅನ್ನೋದು ನ್ಯಾಯವೇ. ಎಡೆಗೆ ಬೇರೆ ಎಲೆ ಬಡಿಸಿ. ಊಟದ ಪಾತ್ರೆ ಮುಚ್ಚಿ ನೆರಳಲ್ಲಿಡಿ. ಕಾಗೆ ಮುಟ್ಟಿದ ಮೇಲೆ ಎಡೆ ಕಾಗೆ, ನಾಯಿ, ಇರುವೆಗೆ ಹೋಗಲಿ, ನೀವು ಪಾತ್ರೆಯಲ್ಲಿರುವುದನ್ನು ಬಡಿಸಿಕೊಂಡು ಊಟ ಮಾಡಿ. ಪ್ರಸಾದ ಅಂತ ಸ್ವಲ್ಪವಾದರೂ ಎತ್ತಿಕೊಳ್ಳಲೇಬೇಕು ಅನ್ನುವವರು ಬಾಳೆಹಣ್ಣು, ತೆಂಗಿನಕಾಯಿ, ಕಜ್ಜಾಯ ಎತ್ತಿಕೊಳ್ಳಿ, ಅವು ಬೇಗ ಕೆಡುವುದಿಲ್ಲ. ಮತ್ತೆ ಆ ಕ್ವಾರ್ಟರ್ ಪ್ಯಾಕೆಟ್ಟು, ಪ್ಲಾಸ್ಟಿಕ್ ಲೋಟ ಎಲ್ಲಾ ವಾಪಸ್ ತನ್ನಿ. ಹಬ್ಬದ ಮಾರನೇ ದಿನ ಸ್ಮಶಾನ ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಏರಿಯಾದಲ್ಲಿ ಬ್ರಿಟಿಷರ ಕಾಲದ ಒಂದು ಸ್ಮಶಾನ ಇದೆ. ಮಳೆ ಬಂದ ಮೇಲೆ ಒಬ್ಬ ಅಜ್ಜಿ ಅಲ್ಲಿ ಗೋರಿಗಳ ಮಧ್ಯೆ ಸೊಪ್ಪು ಕಿತ್ತು ಚೀಲ ತುಂಬಿಕೊಳ್ಳುತ್ತಾರೆ. ನನಗೂ ಕೊಡೋಕೆ ಬಂದರು. ಬೆರಕೆ ಸೊಪ್ಪು, ಬಸ್ಸಾರು ಮಾಡು ಅಂದರು. ಇಸ್ಕೊಂಡೆ, ಆದರೆ ಮನಸ್ಸು ಒಪ್ಪದೆ ಹಸುವಿಗೆ ಹಾಕಿದೆ. ಹೆಣ ಹೂತ ಮಣ್ಣಲ್ಲಿ ಬೆಳೆದದ್ದು ತಿನ್ನಬಹುದಾ ಅಕ್ಕಾ?
– ಓದುಗರೊಬ್ಬರು, ಬೆಂಗಳೂರು

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೆಣದ ವಿಷಯ. ಆಳವಾಗಿ ಹೂತ ದೇಹ ಮಣ್ಣಾಗುತ್ತದೆ, ಬೇರು ಆ ಮಣ್ಣಿನಿಂದ ಹೀರುವುದು ಸಾರಜನಕ, ರಂಜಕ, ಸುಣ್ಣದಂಥ ಪೋಷಕಾಂಶಗಳನ್ನು. ನಮ್ಮ ಹೊಲಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರದಲ್ಲೂ ಇರೋದು ಇವೇ. ಹೆಣದ ಕಾಯಿಲೆ ಸೊಪ್ಪಿನ ಎಲೆಗೆ ಏರುತ್ತದೆ ಅನ್ನುವ ಭಯಕ್ಕೆ ಆಧಾರ ಇಲ್ಲ. ನಿಜವಾಗಿ ಯೋಚನೆ ಮಾಡಬೇಕಾದ್ದು ಬೇರೆ ಇದೆ. ಅಮೆರಿಕದಲ್ಲಿ ಅಂತರ್ಯುದ್ಧದ ಕಾಲದಿಂದ, ಅಂದರೆ 1860ರ ದಶಕದಿಂದ, 1900ರ ನಂತರದ ಒಂದೆರಡು ದಶಕದವರೆಗೆ ಹೆಣ ಕೆಡದಂತೆ ಇಡಲು ಆರ್ಸೆನಿಕ್ ತುಂಬುತ್ತಿದ್ದರು. ಅಲ್ಲಿನ ಹಳೆ ಸ್ಮಶಾನಗಳ ಮಣ್ಣು, ಅಂತರ್ಜಲದ ಬಗ್ಗೆ ಆ ಕಾರಣಕ್ಕೇ ಅನುಮಾನ ಇದೆ. ನಮ್ಮಲ್ಲಿ ಆ ಅಭ್ಯಾಸ ಅಷ್ಟಾಗಿ ಇರಲಿಲ್ಲ. ನಮ್ಮ ಸಮಸ್ಯೆ ಸ್ಮಶಾನದ ಒಳಗಿನದ್ದಕ್ಕಿಂತ ಹೊರಗಿನಿಂದ ಬರುವುದು. ಕಾಂಪೌಂಡ್ ಪಕ್ಕದ ಮೋರಿ, ರಸ್ತೆ ಹೊಗೆ, ಮೂಲೆಯಲ್ಲಿ ಸುಡುವ ಪ್ಲಾಸ್ಟಿಕ್ಕು, ಕಬ್ಬಿಣದ ಬೇಲಿಗೆ ವರ್ಷಗಟ್ಟಲೆ ಬಳಿದು ಉದುರಿದ ಹಳೆ ಬಣ್ಣದ ಸೀಸ, ಕಳೆ ಸಾಯಲಿ ಅಂತ ಹೊಡೆಯುವ ಔಷಧಿ. ಕೊನೆಯದಂತೂ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಕಾವಲುಗಾರರನ್ನು ಕೇಳಿ, ಔಷಧಿ ಯಾವಾಗ ಹೊಡೆದರು ಅಂತ. ಕೀಳಬಹುದಾ ಅನ್ನೋದನ್ನೂ ಅವರನ್ನೇ ಕೇಳಿ. ಅದು ಯಾರದೋ ಹಿರಿಯರು ಮಲಗಿರುವ ಜಾಗ, ಆಡಳಿತ ಮಂಡಳಿ ಅಂತ ಒಂದಿರುತ್ತದೆ.

ಹೊನಗೊನ್ನೆ ಸೊಪ್ಪಂತೂ ಒದ್ದೆ ಜಾಗದಲ್ಲೇ ಚೆನ್ನಾಗಿ ಹಬ್ಬುತ್ತದೆ. ಎಲೆಯ ಬುಡದಲ್ಲಿ ಪುಟ್ಟ ಬಿಳಿ ಗುಂಡಿಯಂಥ ಹೂವು ಇರುತ್ತದಲ್ಲ, ಅದೇ. ಕೊಳಚೆ ನೀರು ಹರಿಯುವ ಕಡೆ ಬೆಳೆದ ಹೊನಗೊನ್ನೆ ಎಷ್ಟೇ ಸೊಂಪಾಗಿದ್ದರೂ ಬೇಡ. ಕೊಳಚೆಯಲ್ಲಿರುವ ಲೋಹಗಳನ್ನು ಸೊಪ್ಪು ಹೀರಿಕೊಂಡುಬಿಡುತ್ತದೆ, ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ.

ಇನ್ನು ಗುರುತಿನ ಮಾತು. ಆ ಅಜ್ಜಿಯ ಚೀಲದಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ, ಕಿರಕಸಾಲೆ ಹೀಗೆ ಹಲವು ಸೊಪ್ಪು ಇದ್ದಿರಬೇಕು. ಬಸ್ಸಾರಿಗೆ ಒಂದೇ ಸೊಪ್ಪು ಹಾಕಿದರೆ ಆ ರುಚಿ ಬರೋದೇ ಇಲ್ಲ. ಆದರೆ ಹಳೆ ಸ್ಮಶಾನಗಳಲ್ಲಿ ಇನ್ನೂ ಕೆಲವು ಗಿಡ ಬೇಕಂತಲೇ ನೆಟ್ಟಿರುತ್ತಾರೆ. ಕಣಗಿಲೆ ಗಿಡ ನೋಡಿ, ಹೂವು ಚೆಂದ, ದನ ಮೇಯುವುದಿಲ್ಲ, ನೀರು ಹಾಕದಿದ್ದರೂ ಬದುಕುತ್ತದೆ, ಅದಕ್ಕೇ ಗೋರಿ ಪಕ್ಕ ನೆಡುವುದು. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಉದುರಿದ ಎಲೆ ಸೊಪ್ಪಿನ ಕಂತೆಯೊಳಗೆ ಸೇರದಂತೆ ನೋಡಿಕೊಳ್ಳಬೇಕು. ಪಾಳು ಜಾಗದಲ್ಲಿ ಉಮ್ಮತ್ತಿಯೂ ಬರುತ್ತದೆ. ಎಳೆಯ ಉಮ್ಮತ್ತಿಯನ್ನು ಗಣಿಕೆ ಅಂತ ಕೀಳುವ ಅಪಾಯ ಇದೆ. ಗಣಿಕೆಯ ಹೂವು ಸಣ್ಣದು, ಬಿಳಿ, ನಡುವೆ ಹಳದಿ ಮೂತಿ, ಹಣ್ಣು ಗೊಂಚಲಾಗಿ ಕಪ್ಪಗಿರುತ್ತದೆ. ಉಮ್ಮತ್ತಿ ಹೂವು ಕಹಳೆಯ ಹಾಗೆ ಉದ್ದ, ಕಾಯಿ ಮೈಯೆಲ್ಲ ಮುಳ್ಳು. ಹೂವೂ ಕಾಯಿಯೂ ಇಲ್ಲದ ಎಳೆ ಗಿಡವಾದರೆ ಗೊತ್ತಿಲ್ಲದವರು ಮುಟ್ಟದೇ ಇರೋದು ವಾಸಿ. ಗಣಿಕೆಯದ್ದೂ ಹಸಿರು ಕಾಯಿ ತಿನ್ನಬಾರದು, ಕಪ್ಪಾಗಿ ಮಾಗಿದ್ದು ಮಾತ್ರ.

ಅಣಬೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಹುಲ್ಲುಹಾಸಿನ ಮೇಲೆ ದೊಡ್ಡ ಬಿಳಿ ಕೊಡೆ ಬಿಚ್ಚಿದ ಹಾಗೆ ಒಂದು ಅಣಬೆ ಏಳುತ್ತದೆ, ನೋಡಿದರೆ ತಿನ್ನುವ ಅಣಬೆಯೇ ಅನ್ನಿಸುತ್ತದೆ. ಬಲಿತ ಮೇಲೆ ಕೊಡೆಯ ಅಡಿ ಮಾಸಲು ಹಸಿರಾಗುತ್ತದೆ. ತಿಂದರೆ ಒಂದೆರಡು ಗಂಟೆಯಲ್ಲಿ ವಾಂತಿ ಭೇದಿ ಶುರು, ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗಬಹುದು. ಯಾವುದೇ ಸೊಪ್ಪು, ಅಣಬೆ ತಿಂದು ಹೊಟ್ಟೆ ಕೆಟ್ಟರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಉಳಿದ ಗಿಡದ ತುಂಡನ್ನೂ ತೆಗೆದುಕೊಂಡು ಆಸ್ಪತ್ರೆಗೆ ಓಡಿ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅಂತಲ್ಲ. ಆ ಅಜ್ಜಿಗೆ ಇದೆಲ್ಲ ಕೈಬೆರಳಲ್ಲೇ ಗೊತ್ತಿರುತ್ತದೆ. ಅವರಿಗೆ ಅವರಮ್ಮ ಹೇಳಿಕೊಟ್ಟಿರುತ್ತಾರೆ. ಮುಂದಿನ ಸಲ ಚೀಲ ಇಸ್ಕೊಳ್ಳೋದರ ಬದಲು ಅವರ ಜೊತೆ ಒಂದು ಸುತ್ತು ಹೋಗಿ ಬನ್ನಿ, ಯಾವುದನ್ನು ಕೀಳುತ್ತಾರೆ ಅನ್ನುವುದಕ್ಕಿಂತ ಯಾವುದನ್ನು ಬಿಟ್ಟು ಮುಂದೆ ಹೋಗುತ್ತಾರೆ ಅಂತ ನೋಡಿ.

ಆಟಿಯಲ್ಲಿ ನಮ್ಮಲ್ಲಿ ಕುಲೆಗಳಿಗೆ ಬಡಿಸುವ ಕ್ರಮ ಇದೆ. ಅಮಾವಾಸ್ಯೆಗೆ ಹಾಳೆ ಮರದ ಕಷಾಯವೂ ಕುಡಿಯುತ್ತೇವೆ. ಈಗ ನಾವು ಮುಂಬೈ ಫ್ಲ್ಯಾಟಿನಲ್ಲಿ ಇರುವುದು. ಇಲ್ಲಿ ಮಾಡಬಹುದಾ? ಕೆತ್ತೆ (ತೊಗಟೆ) ಎಲ್ಲಿಂದ ತರುವುದು?
– ಪುತ್ತೂರು ಮೂಲದ ಓದುಗರು, ಮುಂಬೈ

ಬೇರೆ ಕಡೆಯ ಓದುಗರಿಗೆ ಒಂದು ಮಾತು: ಆಟಿ ಅಂದರೆ ತುಳುನಾಡಿನ ಮಳೆ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಗದ್ದೆ ಕೆಲಸ ನಿಂತಿರುತ್ತಿತ್ತು, ಪತ್ತಾಯದಲ್ಲಿ ಅಕ್ಕಿ ಮುಗಿಯುತ್ತಾ ಬರುತ್ತಿತ್ತು, ಹೊರಗೆ ಬಿಡದೆ ಮಳೆ. ಆಗ ಹೊಟ್ಟೆ ತುಂಬಿಸುತ್ತಿದ್ದದ್ದು ಗುಡ್ಡ, ಬೇಲಿ, ಮರದ ಪೊಟರೆ. ಮರಕೆಸುವಿನ ಪತ್ರೊಡೆ, ತಜಂಕ್ (ಚಗಟೆ) ಸೊಪ್ಪಿನ ಪಲ್ಯ, ಕಣಿಲೆ ಅಂದರೆ ಎಳೆ ಬಿದಿರು, ಹಲಸಿನ ಬೀಜ. ಕುಲೆಗಳನ್ನು, ಅಂದರೆ ಸತ್ತ ಹಿರಿಯರನ್ನು, ಕರೆದು ಬಡಿಸುವುದೂ ಇದೇ ತಿಂಗಳಲ್ಲಿ. ಮನೆಯೊಳಗೆ ಬಾಳೆ ಎಲೆ ಹಾಕಿ, ಕೋಳಿ, ಮೀನು, ಪುಂಡಿ, ಅವರವರ ಇಷ್ಟದ್ದು ಬಡಿಸಿ, ಕೆಲವು ಮನೆಗಳಲ್ಲಿ ಬಾಗಿಲು ಎಳೆದುಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಮದುವೆಯಾಗದೆ ಸತ್ತವರಿಗೆ ಕುಲೆ ಮದುವೆ ಮಾಡಿಸುವುದೂ ಈ ತಿಂಗಳಲ್ಲೇ. ಮನೆಯಲ್ಲಿ ಇದ್ದವರಿಗೇ ಕಷ್ಟವಾದ ತಿಂಗಳಲ್ಲಿ ಹೋದವರನ್ನೂ ಊಟಕ್ಕೆ ಕರೆಯುವುದು ಸಣ್ಣ ಮಾತಲ್ಲ.

ಫ್ಲ್ಯಾಟಿನಲ್ಲಿ ಬಡಿಸುವುದಕ್ಕೆ ಏನೂ ಅಡ್ಡಿ ಇಲ್ಲ. ಬಾಗಿಲು ಎಳೆದು ಬಾಲ್ಕನಿಯಲ್ಲಿ ನಿಂತರಾಯಿತು.

ಕಷಾಯದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಹಾಳೆ ಮರದ ಕೆತ್ತೆಯನ್ನು ಬೆಳಕು ಹರಿಯುವ ಮೊದಲು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುವುದು ಕ್ರಮ. ಅರೆದು, ರಸ ತೆಗೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಅನ್ನಿಸಿ, ಖಾಲಿ ಹೊಟ್ಟೆಗೆ ಸ್ವಲ್ಪವೇ ಕುಡಿದು, ಮೇಲೆ ಮೆಂತೆ ಗಂಜಿ. ಇದರಲ್ಲಿ ಕತ್ತಲಲ್ಲಿ ತೆಗೆಯುವುದೇ ತೊಂದರೆ. ಹಾಳೆ ಮರದ ಬದಲು ಕಾಸರಕದ ತೊಗಟೆ ಬಂದುಬಿಟ್ಟರೆ ಅದು ಜೀವ ತೆಗೆಯುವ ವಿಷ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು, ಕತ್ತಲಲ್ಲಿ ಹುಡುಕುತ್ತಾ ಹೋಗುತ್ತಿರಲಿಲ್ಲ. ಹಾಳೆ ಮರದಲ್ಲಿ ಒಂದೊಂದು ಗಂಟಿನ ಸುತ್ತ ಏಳರ ಆಸುಪಾಸು ಎಲೆ ಚಕ್ರದ ಹಾಗೆ ಇರುತ್ತವೆ, ಗಾಯ ಮಾಡಿದರೆ ಹಾಲು ಬರುತ್ತದೆ. ಕಾಸರಕದ್ದು ಎದುರುಬದುರು ಜೋಡಿ ಎಲೆ, ಹಾಲು ಇಲ್ಲ. ಮುಂಬೈ ರಸ್ತೆ ಬದಿಯಲ್ಲೂ ಹಾಳೆ ಮರ ನೆಟ್ಟಿದ್ದಾರೆ. ಆದರೆ ಆ ಹೊಗೆಯಲ್ಲಿ ನಿಂತ ಮರದ ತೊಗಟೆ ನಾನಂತೂ ಕುಡಿಯುವುದಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು ಊರಿನಲ್ಲಿದ್ದರೂ ಬಿಟ್ಟುಬಿಡಲಿ. ಸುಮ್ನೆ ಮೆಂತೆ ಗಂಜಿ ಮಾಡಿ ಕುಡಿಯಿರಿ, ಆಟಿ ನೆನಪಿಗೆ ಅಷ್ಟು ಸಾಕು.

ತಜಂಕ್ ಕೂಡ ನೋಡಿ ಕೀಳಬೇಕು. ತಿನ್ನುವ ತಜಂಕಿನಲ್ಲಿ ಒಂದು ಕಡ್ಡಿಗೆ ಮೂರು ಜೋಡಿ ಎಲೆ, ತುದಿ ದುಂಡಗೆ. ಅದರ ದಾಯಾದಿ ಒಂದಿದೆ, ನಾಲ್ಕೈದು ಜೋಡಿ, ತುದಿ ಚೂಪು, ಹಿಸುಕಿದರೆ ಗಬ್ಬು ವಾಸನೆ. ಅದರ ಬೀಜ ಮಕ್ಕಳ ಪಾಲಿಗೆ ವಿಷ. ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಇಟ್ಟು, ದಿನಾ ನೀರು ಬದಲಾಯಿಸುವುದನ್ನು ಮಾತ್ರ ತಪ್ಪಿಸಬೇಡಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಅದು ನೀರಿಗೆ ಇಳಿದುಹೋಗಬೇಕು.

ಹಿರೇಬೆಣಕಲ್ ಗುಡ್ಡದ ಮ್ಯಾಲೆ ಸೀತಾಫಲ, ಕಾರಿ ಹಣ್ಣು, ಬಾರಿ ಹಣ್ಣು ಆರಿಸಕೊಂಡು ತಿಂದು ಬೆಳದವರು ನಾವು. ಈಗ ಅವು ಗೋರಿ ಅಂತ ಬೋರ್ಡ್ ಹಾಕ್ಯಾರ. ನಾವು ಇಷ್ಟು ದಿನ ಸ್ಮಶಾನದಾಗ ಹಣ್ಣು ತಿಂದೇವೇನು?
– ಓದುಗರೊಬ್ಬರು, ಗಂಗಾವತಿ

ಹೌದ್ರಿ, ತಿಂದೀರಿ. ಅದೂ ಎರಡು ಸಾವಿರ ವರ್ಷಕ್ಕೂ ಹಳೆಯ ಸ್ಮಶಾನದಾಗ!

ನಿಮ್ಮ ಕಡೆ ಅದನ್ನು ಮೋರ್ಯರ ಗುಡ್ಡ ಅಂತಾರೆ, ಕುಳ್ಳಗಿದ್ದ ಮೋರ್ಯರು ಕಟ್ಟಿಕೊಂಡ ಮನೆಗಳು ಅಂತ ಕಥೆಯೂ ಇದೆ. ಇತಿಹಾಸದವರ ಲೆಕ್ಕದಲ್ಲಿ ಅವು ಕಬ್ಬಿಣದ ಕಾಲದ ಶಿಲಾ ಸಮಾಧಿಗಳು, ಸುಮಾರು ಕ್ರಿಸ್ತಪೂರ್ವ 800ರಿಂದ 200ರ ನಡುವಿನವು. ದೊಡ್ಡವು ಚಿಕ್ಕವು ಸೇರಿ ಸುಮಾರು 400 ಇವೆ. ಮೂರ್ನಾಲ್ಕು ಕಲ್ಲು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದಾರೆ, ಕೆಲವಕ್ಕೆ ಮುಂದೆ ದುಂಡಗೆ ಕಿಂಡಿ ಕೊರೆದಿದ್ದಾರೆ. ಕಲ್ಲು ತೆಗೆದ ಗುಂಡಿಯೇ ಕೆರೆಯಾಗಿ ನಿಂತಿದೆ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1835ರಲ್ಲೇ ಇದರ ಬಗ್ಗೆ ಬರೆದಿದ್ದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು.

ಊಟದ ಮಾತು ಇಲ್ಲೂ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಇದೇ ಬಗೆಯ ಸಮಾಧಿಗಳನ್ನು ಅಗೆಸಿದಾಗ ಎಲುಬಿನ ಜೊತೆ ಕಬ್ಬಿಣದ ಸಾಮಾನು, ಕಪ್ಪು ಕೆಂಪು ಮಡಿಕೆ, ಬಟ್ಟಲು ಸಿಕ್ಕವು. ಹೋದವರಿಗೆ ದಾರಿಯಲ್ಲಿ ತಿನ್ನಲು ಕುಡಿಯಲು ಬೇಕಲ್ಲ ಅಂತ ಇಟ್ಟದ್ದು ಅನ್ನೋದು ಬಹಳ ಜನರ ಅಂದಾಜು. ಮಂಡ್ಯದ ಅಮ್ಮನ ಎಡೆಗೂ ಆ ಮಡಿಕೆಗೂ ನೇರ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಸತ್ತವರ ಕೈಗೆ ಖಾಲಿ ಬಟ್ಟಲು ಕೊಡಬಾರದು ಅಂತ ಇಬ್ಬರಿಗೂ ಅನ್ನಿಸಿದೆ.

ಹಣ್ಣು ತಿನ್ನಿ, ಆದರೆ ಚಪ್ಪಡಿ ಮೇಲೆ ಹತ್ತಿ ಕೊಂಬೆ ಜಗ್ಗಬೇಡಿ, ಒಳಗೆ ಬೆಂಕಿ ಹಾಕಿ ಅಡುಗೆ ಮಾಡಬೇಡಿ, ಕಾದ ಕಲ್ಲು ಬಿರುಕು ಬಿಡುತ್ತದೆ. ಹೊತ್ತು ಮುಳುಗುವುದರೊಳಗೆ ಇಳಿದುಬಿಡಿ. ಸೀತಾಫಲ ನಿಮಗಷ್ಟೇ ಅಲ್ಲ, ಕರಡಿಗೂ ಪ್ರೀತಿ.

ಸಿಂಗಪುರದಲ್ಲಿ ಇದ್ದೇನೆ. ಏಪ್ರಿಲ್‌ನಲ್ಲಿ ಚೀನೀ ಗೆಳೆಯನ ಮನೆಯವರ ಜೊತೆ ಬುಕಿಟ್ ಬ್ರೌನ್ ಅನ್ನುವ ಹಳೆ ಸ್ಮಶಾನಕ್ಕೆ ಹೋಗಿದ್ದೆ. ಗೋರಿ ಮುಂದೆ ಇಡೀ ಕೋಳಿ, ಹಂದಿ ಮಾಂಸ, ಕಿತ್ತಳೆ, ಚಹಾ ಇಟ್ಟರು. ಆಮೇಲೆ ಚಿಪ್ಪು ಮೀನು ಬಿಡಿಸಿ ತಿಂದು ಚಿಪ್ಪನ್ನು ಗೋರಿ ಮೇಲೇ ಎಸೆದರು! ನನಗೆ ಗಾಬರಿ. ಅದು ಯಾಕೆ?
– ಓದುಗರೊಬ್ಬರು, ಸಿಂಗಪುರ (ಊರು ಹಾಸನ)

ಗಾಬರಿ ಬೇಡ, ಅದು ಗೌರವವೇ. ನೀವು ಹೋಗಿದ್ದು ಚಿಂಗ್‌ಮಿಂಗ್ ಹಬ್ಬಕ್ಕೆ, ಏಪ್ರಿಲ್ 4 ಅಥವಾ 5ರ ಹೊತ್ತಿಗೆ ಬರುತ್ತದೆ. ಗೋರಿ ಗುಡಿಸಿ, ಕಳೆ ಕಿತ್ತು, ಮಾಸಿದ ಅಕ್ಷರಕ್ಕೆ ಬಣ್ಣ ತುಂಬಿ, ಊಟ ಇಟ್ಟು, ಆಮೇಲೆ ಮನೆಯವರೆಲ್ಲ ಹಂಚಿಕೊಂಡು ತಿನ್ನುವುದು. ಆ ಚಿಪ್ಪು ಎಸೆಯುವುದು ಮುಖ್ಯವಾಗಿ ಚೀನೀಯರಲ್ಲೇ ತಿಯೋಚೂ ಅನ್ನುವ ಪಂಗಡದವರ ಪದ್ಧತಿ. ಚಿಪ್ಪುಗಳು ಹಣದ ಗುರುತು, ಮನೆತನಕ್ಕೆ ಸಿರಿ ಬರಲಿ ಅಂತ. ಗೋರಿ ಮೇಲೆ ಚಿಪ್ಪು ಬಿದ್ದಿದ್ದರೆ, ಈ ವರ್ಷ ಇವರ ಮಕ್ಕಳು ಬಂದು ಊಟ ಮಾಡಿ ಹೋಗಿದ್ದಾರೆ ಅಂತ ನೋಡಿದವರಿಗೂ ತಿಳಿಯುತ್ತದೆ.

ನೀವು ಸೊಪ್ಪಿನ ಬಗ್ಗೆ ಕೇಳಿಲ್ಲ. ಆದರೆ ಚೀನಾದ ಶಾಂಘೈ, ಸೂಚೌ ಕಡೆ ಇದೇ ಹಬ್ಬಕ್ಕೆ ಹೊಲದಂಚಿನಲ್ಲಿ ಚಿಗುರುವ ಮಾಚಿಪತ್ರೆ ಜಾತಿಯ ಸೊಪ್ಪನ್ನು ಕಿತ್ತು, ಬೇಯಿಸಿ ರುಬ್ಬಿ, ಅಂಟು ಅಕ್ಕಿ ಹಿಟ್ಟಿಗೆ ಕಲಸಿ, ಒಳಗೆ ಸಿಹಿ ಕಾಳಿನ ಹೂರಣ ಇಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಹಚ್ಚ ಹಸಿರು ಉಂಡೆ. ನಮ್ಮ ಕಡುಬಿನ ಮನೆಯವರಿಗೆ ಇದು ಒಂದು ನೋಟಕ್ಕೇ ಅರ್ಥ ಆಗುತ್ತದೆ. ಈ ಹಬ್ಬಕ್ಕೆ ಅಂಟಿಕೊಂಡು ಹಿಂದೆ ತಣ್ಣನೆ ಊಟದ ದಿನ ಅಂತ ಒಂದಿತ್ತು, ಒಲೆ ಹಚ್ಚುವಂತಿರಲಿಲ್ಲ. ಹಿಂದಿನ ದಿನವೇ ಮಾಡಿಟ್ಟು ತಣ್ಣಗೆ ತಿನ್ನುವ ತಿನಿಸು ಆದ್ದರಿಂದ ಇದು ಉಳಿದುಕೊಂಡಿತು.

ಬುಕಿಟ್ ಬ್ರೌನ್ 1922ರಲ್ಲಿ ಶುರುವಾಗಿ 1973ರಲ್ಲಿ ಮುಚ್ಚಿದ ಸ್ಮಶಾನ. ಸುಮಾರು 1 ಲಕ್ಷ ಗೋರಿ. ಅದರ ನಡುವೆ ಹೆದ್ದಾರಿ ಹಾಕಲು ಸುಮಾರು 4,000 ಗೋರಿಗಳನ್ನು ತೆಗೆದರು. ಆಗ ಊರಿನ ಜನ, ಸ್ವಯಂಸೇವಕರು ಗೋರಿಗಳ ಕಥೆ ಬರೆದಿಡಲು ಓಡಾಡಿದ್ದು ದೊಡ್ಡ ಕೆಲಸ. ಮುಂದಿನ ಸಲ ಹೋದಾಗ ಕೆಲವು ದೊಡ್ಡ ಗೋರಿಗಳ ಮುಂದೆ ನಿಂತಿರುವ ಕಾವಲುಗಾರರ ವಿಗ್ರಹ ನೋಡಿ, ಪೇಟ ಸುತ್ತಿದ ಸಿಖ್ಖರು! ಆ ಕಾಲದ ಸಿಂಗಪುರದಲ್ಲಿ ಶ್ರೀಮಂತರ ಮನೆ, ಗೋದಾಮು ಕಾಯುತ್ತಿದ್ದವರು ಅವರೇ, ಸತ್ತ ಮೇಲೂ ಅವರೇ ಕಾಯಲಿ ಅಂತ. ಅಲ್ಲಿ ಗಿಡ ಕೀಳೋಕೆ ಮಾತ್ರ ಹೋಗಬೇಡಿ, ಸಿಂಗಪುರದ ದಂಡ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಬೀದರಿನ ಅಷ್ಟೂರಿನಲ್ಲಿ ಸುಲ್ತಾನರ ಗೋರಿಗೆ ಜಂಗಮರು ಬರುತ್ತಾರೆ ಅಂತ ಕೇಳಿದ್ದೇನೆ. ನಿಜವೇ?
– ವಿದ್ಯಾರ್ಥಿ, ಕಲಬುರಗಿ

ನಿಜ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾನನ್ನು ಮುಸ್ಲಿಮರು ವಲಿ (ಸಂತ) ಅಂತ, ಲಿಂಗಾಯತರು ಅಲ್ಲಮಪ್ರಭುವಿನ ಅವತಾರ ಅಂತ ನಡೆದುಕೊಳ್ಳುತ್ತಾರೆ. ಉರುಸಿಗೆ ನಿಮ್ಮ ಕಲಬುರಗಿ ಜಿಲ್ಲೆಯಿಂದಲೇ ಜಂಗಮರು ಬರುತ್ತಾರೆ, ಗುಂಬಜಿನ ಒಳಗೆ ಶಂಖ ಊದುತ್ತಾರೆ. ಉರುಸಿನ ದಿನವೇ ಹೋಗಿ ನೋಡಿ ಬನ್ನಿ. ಓದಿದರೆ ಸಾಲದು.

ಶಬೆ ಬರಾತ್ ರಾತ್ರಿ ಖಬರಸ್ತಾನಕ್ಕೆ ಹೋಗಿ ಬರುತ್ತೇವೆ, ಮನೆಯಲ್ಲಿ ಹಲ್ವಾ ಮಾಡಿ ಹಂಚುತ್ತೇವೆ. ಅಕ್ಕಪಕ್ಕದ ಹಿಂದೂ ಮನೆಗಳಿಗೆ ಕೊಟ್ಟರೆ ತಪ್ಪು ತಿಳಿಯುತ್ತಾರಾ?
– ಓದುಗರೊಬ್ಬರು, ಶಿವಮೊಗ್ಗ

ಕೊಡಿ. ಎಡೆಯ ಕಜ್ಜಾಯ ಅವರ ಮನೆಯಿಂದ ನಿಮ್ಮ ಮನೆಗೆ ಬರಬೇಕಾದರೆ ಯಾರಾದರೂ ಮೊದಲು ತಟ್ಟೆ ಕಳಿಸಬೇಕಲ್ಲ. ಬೇಡ ಅನ್ನುವವರು ಇರಬಹುದು, ಅವರ ತಟ್ಟೆ ಇನ್ನೊಬ್ಬರಿಗೆ ಹೋಗುತ್ತದೆ.

ನಾನು ನ್ಯೂಜೆರ್ಸಿಯಲ್ಲಿ ಇರೋದು. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಒಂದು ಗೋರಿ ಕಲ್ಲಿನ ಮೇಲೆ ಬಿಸ್ಕತ್ತಿನ ರೆಸಿಪಿ ಕೆತ್ತಿದ್ದಾರೆ, ನೋಡಿ ಬಂದೆ. ನಮ್ಮಜ್ಜಿ ಹೋಗಿ ಒಂದು ವರ್ಷ ಆಯ್ತು. ಊರಲ್ಲಿ ಅವರ ಸಮಾಧಿ ಕಲ್ಲಿನ ಮೇಲೆ ಅವರ ಹುಳಿಪುಡಿ ಅಳತೆ ಕೆತ್ತಿಸೋಣ ಅಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನೀವೇನಂತೀರಿ?
– ಓದುಗರೊಬ್ಬರು, ನ್ಯೂಜೆರ್ಸಿ

ನಗಲಿ ಬಿಡಿ, ನನಗೆ ಇಷ್ಟವಾಯಿತು.

ಗ್ರೀನ್‌ವುಡ್ 1838ರಲ್ಲಿ ಶುರುವಾದದ್ದು, 478 ಎಕರೆ. ನ್ಯೂಯಾರ್ಕಿನಲ್ಲಿ ದೊಡ್ಡ ಪಾರ್ಕುಗಳೇ ಇಲ್ಲದ ಕಾಲ ಅದು. ಜನ ಮರ, ಕೊಳ, ಗುಡ್ಡ ನೋಡಬೇಕು ಅಂದರೆ ಅಲ್ಲಿಗೇ ಹೋಗಬೇಕಿತ್ತು. 1860ರ ಹೊತ್ತಿಗೆ ವರ್ಷಕ್ಕೆ 5 ಲಕ್ಷ ಜನ ಬರುತ್ತಿದ್ದರು ಅಂತ ಲೆಕ್ಕ ಇದೆ. ಆ ಕಾಲದ ಅಮೆರಿಕದಲ್ಲಿ ಇಂಥ ಸ್ಮಶಾನಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಿ ತಮ್ಮವರ ಗೋರಿ ಪಕ್ಕ ಕೂತು ತಿನ್ನುವುದು ಮಾಮೂಲಿಯಾಗಿತ್ತು. ಸೆಂಟ್ರಲ್ ಪಾರ್ಕಿನಂಥವು ಬಂದ ಮೇಲೆ ಆ ಅಭ್ಯಾಸ ಕಮ್ಮಿಯಾಯಿತು. ಅಲ್ಲಿಯವರೂ ಒಂದು ಕಾಲಕ್ಕೆ ನಮ್ಮ ಮಂಡ್ಯದವರ ಹಾಗೇ ಇದ್ದರು ಅನ್ನಿ. ಇನ್ನು ಅಲ್ಲಿ ಹೂವು, ಸೊಪ್ಪು ಕೀಳುವ ಆಸೆ ಇದ್ದರೆ ಮೇಲೆ ಹೇಳಿದ ಆರ್ಸೆನಿಕ್ ನೆನಪಿಟ್ಟುಕೊಳ್ಳಿ.

ನೀವು ನೋಡಿದ ಕಲ್ಲು ಬಿಚ್ಚಿಟ್ಟ ಪುಸ್ತಕದ ಆಕಾರದಲ್ಲಿದೆ ಅಲ್ವಾ? ಬೆಣ್ಣೆ ಒಂದು ಕಪ್ಪು, ಸಕ್ಕರೆ ಮುಕ್ಕಾಲು ಕಪ್ಪು, ವೆನಿಲ್ಲಾ, ಒಂದು ಮೊಟ್ಟೆ, ಮೈದಾ, ಬೇಕಿಂಗ್ ಪೌಡರ್, ಉಪ್ಪು. ಅಷ್ಟೇ. ಹೇಗೆ ಮಾಡಬೇಕು, ಎಷ್ಟು ಹೊತ್ತು ಬೇಯಿಸಬೇಕು ಒಂದೂ ಇಲ್ಲ! ವಾಷಿಂಗ್ಟನ್ನಿನ ಒಂದು ಹಳೆ ಸ್ಮಶಾನದಲ್ಲಿ ಕೆಲಸ ಕಲಿಯುತ್ತಿದ್ದ ರೋಸಿ ಗ್ರಾಂಟ್ ಎಂಬಾಕೆ ಇಂಥ ಕಲ್ಲುಗಳನ್ನು ಹುಡುಕಿ ಹುಡುಕಿ, ಅಡುಗೆ ಮಾಡಿ ವಿಡಿಯೋ ಹಾಕಿದ ಮೇಲೆ ಇವು ಎಲ್ಲರಿಗೂ ಗೊತ್ತಾದವು. ಆ ಬಿಸ್ಕತ್ತನ್ನು ಅಚ್ಚಿನಲ್ಲಿ ಒತ್ತಿ ಮಾಡಬೇಕು ಅನ್ನೋದು ಸ್ಪ್ರಿಟ್ಜ್ ಅನ್ನುವ ಅದರ ಹೆಸರು ತಿಳಿದವರಿಗೆ ಮಾತ್ರ ಹೊಳೆಯುತ್ತದೆ.

ನಿಮ್ಮ ಅಜ್ಜಿಯ ಹುಳಿಪುಡಿಗೂ ಇದೇ ತೊಂದರೆ ಆಗುತ್ತದೆ. ಧನಿಯಾ ಇಷ್ಟು ಪಾವು, ಮೆಣಸಿನಕಾಯಿ ಇಷ್ಟು ಅಂತ ಕೆತ್ತಿಸಬಹುದು. ಮೆಂತ್ಯ ಎಷ್ಟು ಕೆಂಪಗೆ ಹುರಿಯಬೇಕು, ಯಾವಾಗ ಒಲೆ ಆರಿಸಬೇಕು ಅನ್ನೋದನ್ನು ಯಾವ ಕಲ್ಲುಕುಟಿಗರೂ ಕೆತ್ತಲಾರರು. ಹಾಗಾಗಿ ಮೊದಲು ಊರಿಗೆ ಬಂದಾಗ ನಿಮ್ಮ ಅಮ್ಮನನ್ನೋ ದೊಡ್ಡಮ್ಮನನ್ನೋ ಒಲೆ ಮುಂದೆ ನಿಲ್ಲಿಸಿ, ತಕ್ಕಡಿ ಇಟ್ಟುಕೊಂಡು, ಅವರು ಹಿಡಿಯಲ್ಲಿ ಹಾಕಿದ್ದನ್ನೆಲ್ಲ ತೂಗಿ ಬರೆದುಕೊಳ್ಳಿ, ಫೋನಿನಲ್ಲಿ ವಿಡಿಯೋನೂ ತೆಗೆಯಿರಿ. ಎರಡು ಸಲ ಮಾಡಿಸಿ, ಒಂದು ಸಲದ ಹಿಡಿ ಇನ್ನೊಂದು ಸಲಕ್ಕೆ ಹೊಂದುವುದಿಲ್ಲ. ನ್ಯೂಜೆರ್ಸಿಗೆ ಹೋಗಿ ನೀವೇ ಮಾಡಿ ನೋಡಿ. ಅಜ್ಜಿ ಹುಳಿಯ ವಾಸನೆ ಬಂದರೆ ಆಮೇಲೆ ಕಲ್ಲಿಗೆ ಕೊಡಿ. ಕೆತ್ತುವ ಮೊದಲು ಅಮ್ಮನಿಂದ ಪ್ರೂಫ್ ನೋಡಿಸುವುದನ್ನು ಮರೆಯಬೇಡಿ. ಗ್ರಾನೈಟಿನಲ್ಲಿ ಇಂಗು ಒಂದು ಚಿಟಿಕೆ ಜಾಸ್ತಿಯಾದರೆ ತಿದ್ದೋಕೆ ಆಗಲ್ಲ.